ಹೂವುಗಳಿಗೆ ಸರದಿ ಗೊತ್ತುಮಾಡಿದ ಕ್ರುಂಬಿಗಲ್

ಸಾಗರ ತಾಲ್ಲೂಕಿನ ಹೊನ್ನೆಮರಡಿನ ದಡದಲ್ಲಿ ನಿಂತವರ ಎದುರಿಗೆ ಶರಾವತಿಯ ಹಿನ್ನೀರು, ನಡುಗಡ್ಡೆ, ಅದರಾಚೆ ಬೆಟ್ಟಸಾಲು. ಇದನ್ನು ಯಾರೂ ಅಂದಕ್ಕಾಗಿ ರಚಿಸಿದ್ದಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಊರು, ಗದ್ದೆ, ತೋಟಗಳನ್ನು ಮುಳುಗಿಸಿ ಉಳಿಸಿದ ನೋಟವಿದು. ಜಪಾನಿನ ಉದ್ಯಾನ ನಿರ್ಮಾತೃಗಳು ಇಂಥ ದೂರದ ಬೆಟ್ಟವನ್ನು ಎರವಲು ಪಡೆದ ದೃಶ್ಯವೆಂದು ಭಾವಿಸಿ, ತಮ್ಮ ಅಂಗಳದ ಕಲ್ಲು, ಕೊಳ, ಪಾಚಿಗಳೊಡನೆ ಬೆಸೆಯುತ್ತಾರೆ. ಮಲೆನಾಡಿನವರಾದ ನಮಗೆ ತೋಟವೆಂದರೆ ಅಡಿಕೆ ತೋಟವೇ. ನೋಡುವುದಕ್ಕೆಂದೇ ತೋಟ ಮಾಡುವ ವಿದ್ಯೆ ಬೇರೆ. ಅದನ್ನು ಕನ್ನಡ ನಾಡಿನ ಇನ್ನೊಂದು ಅಣೆಕಟ್ಟಿನ ಬುಡದಲ್ಲಿ ಸಾಧಿಸಿ ತೋರಿಸಿದವರು ಗುಸ್ತಾವ್ ಹರ್ಮನ್ ಕ್ರುಂಬಿಗಲ್.

ಜರ್ಮನಿಯ ಡ್ರೆಸ್ಡೆನ್ ಸಮೀಪದ ಲೋಮೆನ್‌ನಲ್ಲಿ 1865ರ ಡಿಸೆಂಬರ್ 18ರಂದು ಜನಿಸಿದ ಅವರು, ಎಳೆಯ ವಯಸ್ಸಿನಲ್ಲೇ ತೋಟಗಾರಿಕೆಯನ್ನು ಕೈಗೆತ್ತಿಕೊಂಡರು. ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಹೂಮಡಿಗಳನ್ನು ರೂಪಿಸಿದರು, ಕ್ಯೂ ಸಸ್ಯೋದ್ಯಾನದಲ್ಲಿ ದುಡಿದರು. 1893ರಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ಆಶ್ರಯಕ್ಕೆ ಬಂದರು. ಅಲ್ಲಿಂದ ಅವರನ್ನು ಮೈಸೂರು ಸಂಸ್ಥಾನಕ್ಕೆ ಕರೆತಂದವರು ನಾಲ್ವಡಿ ಕೃಷ್ಣರಾಜ ಒಡೆಯರು. 1908ರಲ್ಲಿ ಜಾನ್ ಕ್ಯಾಮರಾನ್ ಅವರ ತರುವಾಯ ಲಾಲ್‌ಬಾಗ್‌ನ ಹೊಣೆ ಕ್ರುಂಬಿಗಲ್ ಅವರದಾಯಿತು.

ದಿವಾನ ಮಿರ್ಜಾ ಇಸ್ಮಾಯಿಲರ ಆಸೆಯಂತೆ ಕೃಷ್ಣರಾಜಸಾಗರದ ಕೆಳಗೆ ಬೃಂದಾವನದ ಕೆಲಸ ಆರಂಭವಾದದ್ದು 1927ರಲ್ಲಿ, ಮುಗಿದದ್ದು 1932ರಲ್ಲಿ. ಕಾಶ್ಮೀರದ ಶಾಲಿಮಾರ್ ಇದಕ್ಕೆ ಮಾದರಿ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೆಲ, ನೇರ ಕಾಲುವೆ, ಎಡಬಲಗಳಲ್ಲಿ ಸರಿಸಮ ಕಾರಂಜಿ. ಜಪಾನಿನ ರೀತಿ ಇದಕ್ಕೆ ಪೂರಾ ವಿರುದ್ಧ. ಕ್ಯೋಟೋದ ರ್‍ಯೋವಾನ್‌ಜಿಯಲ್ಲಿ ಬಿಳಿ ಜಲ್ಲಿಯ ನಡುವೆ ಇರುವ ಹದಿನೈದು ಬಂಡೆಗಳಲ್ಲಿ, ಜಗಲಿಯ ಯಾವ ಮೂಲೆಯಲ್ಲಿ ಕುಳಿತರೂ ಒಂದಾದರೂ ಮರೆಯಾಗಿಯೇ ಇರುತ್ತದೆ. ಬೃಂದಾವನದಲ್ಲಿ ಮರೆಯೆಂಬುದಿಲ್ಲ, ಎಲ್ಲವೂ ಒಂದೇ ನೋಟಕ್ಕೆ ಸಿಕ್ಕಿಬಿಡುತ್ತದೆ. ನನಗೇನೋ ಆ ಕಾರಂಜಿಗಳಿಗಿಂತ ಅವರ ಸಾಲುಮರಗಳೇ ಹೆಚ್ಚೆನಿಸುತ್ತವೆ.

ಬೆಂಗಳೂರಿನ ರಸ್ತೆಗಳಿಗೆ ಮರಗಳನ್ನು ಆಯುವಾಗ ಅವರು ನೆರಳೊಂದನ್ನೇ ಗಣಿಸಲಿಲ್ಲ. ಒಂದು ಜಾತಿಯ ಹೂ ಉದುರುವ ಹೊತ್ತಿಗೆ ಮತ್ತೊಂದು ಅರಳಬೇಕು, ವರ್ಷದ ಯಾವ ತಿಂಗಳೂ ಬರಿದಾಗಬಾರದು ಎಂಬುದು ಅವರ ಯೋಜನೆಯಾಗಿತ್ತು. ಬೇಸಿಗೆಯ ಮೊದಲಿಗೆ ಜಕರಂದದ ನೀಲಿ, ಅದರ ಬೆನ್ನಿಗೇ ಗುಲ್‌ಮೊಹರಿನ ಕೆಂಪು. ಋತುಮಾನವನ್ನೇ ಬಣ್ಣದಂತೆ ಬಳಸುವ ಈ ಕಲೆಯಲ್ಲಿ ಅವರು ಜಪಾನಿನವರಿಗೆ ಹತ್ತಿರದವರು. ಸಸಿ ನೆಟ್ಟವನು ಅದರ ತುಂಬುಹೂವನ್ನು ಕಾಣಲು ವರುಷಗಟ್ಟಲೆ ಕಾಯಬೇಕು. ಅಷ್ಟು ಕಾಯಲು ಸಿದ್ಧರಿದ್ದ ಅಧಿಕಾರಿ ಅವರು.

1932ರಲ್ಲಿ ನಿವೃತ್ತರಾದ ಮೇಲೂ ಅವರು ತಾಯ್ನಾಡಿಗೆ ಮರಳಲಿಲ್ಲ. ಅವರಲ್ಲಿ ಪಳಗಿದ ಎಚ್.ಸಿ. ಜವರಾಯರು ಲಾಲ್‌ಬಾಗ್‌ನ ಕೆಲಸವನ್ನು ಮುಂದುವರಿಸಿದರು. ಎರಡನೆಯ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಇಲ್ಲಿದ್ದ ಜರ್ಮನರನ್ನು ಬಂಧನದಲ್ಲಿರಿಸಿತು. ಎಪ್ಪತ್ತು ದಾಟಿದ್ದ ಕ್ರುಂಬಿಗಲ್ ಅವರನ್ನೂ ಬಿಡಲಿಲ್ಲ. ತಾವು ಬೆಳೆಸಿದ ಮರಗಳು ಹೂ ತಳೆದು ನಿಂತಿದ್ದ ನಾಡಿನಲ್ಲೇ ಅವರು ಶತ್ರುದೇಶದ ಪ್ರಜೆಯಾದರು. ಆ ಅವಮಾನವನ್ನು ನುಂಗಿಕೊಂಡೂ ಬೆಂಗಳೂರನ್ನು ತೊರೆಯಲಿಲ್ಲ.

1956ರ ಫೆಬ್ರುವರಿ 8ರಂದು, ತೊಂಬತ್ತು ತುಂಬಿದ ಮೇಲೆ, ಬೆಂಗಳೂರಿನಲ್ಲೇ ಅವರು ನಿಧನರಾದರು. ಹೊಸೂರು ರಸ್ತೆಯ ಕ್ರೈಸ್ತ ರುದ್ರಭೂಮಿಯಲ್ಲಿ ಅವರ ಸಮಾಧಿಯಿದೆ. ಲಾಲ್‌ಬಾಗ್‌ನಲ್ಲಿ ಅವರ ಹೆಸರು ಹೊತ್ತಿದ್ದ ಹಳೆಯ ಸಭಾಂಗಣ 2017ರ ಮಳೆಗೆ ಕುಸಿದುಬಿತ್ತು; ಅದನ್ನು ಮತ್ತೆ ಕಟ್ಟಬೇಕಾಯಿತು. ರಸ್ತೆ ಅಗಲಿಸುವಾಗ ಉರುಳಿದ ಸಾಲುಮರಗಳನ್ನು ಹಾಗೆ ಮತ್ತೆ ಎಬ್ಬಿಸಿ ನಿಲ್ಲಿಸಲಾಗಲಿಲ್ಲ.