ಎಲಿಜಬೆತ್ ಬ್ಲ್ಯಾಕ್‌ವೆಲ್

1847ನೆಯ ಇಸವಿಯ ಬೇಸಗೆ. ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ಇಪ್ಪತ್ತಾರು ವರ್ಷ ವಯಸ್ಸಿನ ಶಿಕ್ಷಕಿಯೊಬ್ಬಳು ಒಂದು ಮನೆಯಿಂದ ಇನ್ನೊಂದು ಮನೆಗೆ ಅಲೆಯುತ್ತಿದ್ದಳು. ಅವು ಆ ನಗರದ ವೈದ್ಯವಿದ್ಯಾಲಯಗಳ ಪ್ರಾಧ್ಯಾಪಕರ ಮನೆಗಳು. ಪ್ರತಿಯೊಂದು ಬಾಗಿಲಲ್ಲಿಯೂ ಆಕೆಯದು ಒಂದೇ ಕೋರಿಕೆ: ತನ್ನನ್ನು ವಿದ್ಯಾರ್ಥಿನಿಯಾಗಿ ಸೇರಿಸಿಕೊಳ್ಳಬೇಕು. ಇಂದು ವೈದ್ಯವಿದ್ಯೆಯನ್ನು ಕಲಿಯಬಯಸುವವರು ಪ್ರವೇಶ ಪರೀಕ್ಷೆ ಬರೆದು, ಕೆಲವು ದೇಶಗಳಲ್ಲಿ ಸಂದರ್ಶನಕ್ಕೂ ಹಾಜರಾಗಿ, ದೊರೆತ ಕಾಲೇಜುಗಳಲ್ಲಿ ತಮಗೆ ಒಪ್ಪಿದ್ದನ್ನು ಆರಿಸಿಕೊಳ್ಳುತ್ತಾರೆ. ಎಲಿಜಬೆತ್ ಬ್ಲ್ಯಾಕ್‌ವೆಲ್‌ಗೆ ಸಂದರ್ಶನಗಳೇನೋ ಬೇಕಾದಷ್ಟು ದೊರೆತವು. ಆರಿಸಿಕೊಳ್ಳಲು ಕಾಲೇಜು ಮಾತ್ರ ಇರಲಿಲ್ಲ. ಆ ದೇಶದಲ್ಲಿ ಅದುವರೆಗೆ ಯಾವ ವೈದ್ಯವಿದ್ಯಾಲಯವೂ ಹೆಂಗಸೊಬ್ಬಳಿಗೆ ಪದವಿ ಕೊಟ್ಟಿರಲಿಲ್ಲ.

ಎಲಿಜಬೆತ್ ಹುಟ್ಟಿದ್ದು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ, 1821ನೆಯ ಫೆಬ್ರವರಿ 3ರಂದು. ತಂದೆ ಸ್ಯಾಮ್ಯುಯಲ್ ಬ್ಲ್ಯಾಕ್‌ವೆಲ್ ಸಕ್ಕರೆಯನ್ನು ಶುದ್ಧಿಮಾಡುವ ಉದ್ಯಮ ನಡೆಸುತ್ತಿದ್ದ. ಗುಲಾಮಗಿರಿಯನ್ನು ಮನಸಾರೆ ದ್ವೇಷಿಸುತ್ತಿದ್ದ ಆತನ ಜೀವನೋಪಾಯವು ಗುಲಾಮರ ಬೆವರಿನಿಂದ ಬೆಳೆದ ಕಬ್ಬನ್ನೇ ಅವಲಂಬಿಸಿದ್ದುದು ವಿಧಿಯ ವ್ಯಂಗ್ಯವೇ ಸರಿ. ಗಂಡುಮಕ್ಕಳಿಗೆ ಕಲಿಸಿದ್ದೆಲ್ಲವನ್ನೂ ಹೆಣ್ಣುಮಕ್ಕಳಿಗೂ ಕಲಿಸಬೇಕೆಂಬುದು ಆತನ ನಿಲುವಾಗಿತ್ತು. 1832ರಲ್ಲಿ ಸಂಸಾರ ಅಮೆರಿಕಕ್ಕೆ ವಲಸೆ ಹೋಯಿತು. 1838ರಲ್ಲಿ ಸಿನ್ಸಿನಾಟಿ ನಗರಕ್ಕೆ ಬಂದು ನೆಲೆಸಿದ ಕೆಲವೇ ತಿಂಗಳಲ್ಲಿ ತಂದೆ ತೀರಿಕೊಂಡ. ಒಂಬತ್ತು ಮಕ್ಕಳ ದೊಡ್ಡ ಸಂಸಾರ, ಕೈಯಲ್ಲಿ ಕಾಸಿಲ್ಲ. ತಾಯಿ ಮತ್ತು ಹಿರಿಯ ಹೆಣ್ಣುಮಕ್ಕಳು ಸೇರಿ ಮನೆಯಲ್ಲಿಯೇ ಶಾಲೆ ತೆರೆದರು. ಹೀಗೆ ಹದಿನೇಳನೆಯ ವಯಸ್ಸಿನಲ್ಲಿಯೇ ಎಲಿಜಬೆತ್ ಉಪಾಧ್ಯಾಯಿನಿಯಾದಳು.

ವೈದ್ಯವೃತ್ತಿ ಆಕೆಯ ಬಾಲ್ಯದ ಕನಸಾಗಿತ್ತೆಂದು ಯಾರಾದರೂ ಭಾವಿಸಿದರೆ ಅದು ತಪ್ಪು. ಶರೀರ, ರೋಗ, ಔಷಧಿ ಇವುಗಳ ಮಾತೆತ್ತಿದರೇ ಆಕೆಗೆ ಹೇಸಿಗೆ. ವಿದ್ಯಾರ್ಥಿನಿಯಾಗಿದ್ದಾಗ ಕಣ್ಣಿನ ರಚನೆಯನ್ನು ವಿವರಿಸಲೆಂದು ಅಧ್ಯಾಪಕರು ಎತ್ತಿನ ಕಣ್ಣೊಂದನ್ನು ತರಗತಿಗೆ ತಂದಿದ್ದರು; ಅದನ್ನು ಕಂಡು ಹೊಟ್ಟೆ ತೊಳಸಿದ ನೆನಪು ಆಕೆಯನ್ನು ಬಹುಕಾಲ ಬಿಡಲಿಲ್ಲ. ಇಂಥವಳ ಮನಸ್ಸು ತಿರುಗಿದ್ದು ಪರಿಚಿತ ಮಹಿಳೆಯೊಬ್ಬಳ ಕಾಯಿಲೆಯಿಂದ. ವಾಸಿಯಾಗದ ರೋಗದಿಂದ ಹಾಸಿಗೆ ಹಿಡಿದಿದ್ದ ಆ ಮಹಿಳೆ, ತನ್ನನ್ನು ನೋಡಲು ಹೆಂಗಸೊಬ್ಬಳು ವೈದ್ಯಳಾಗಿ ದೊರೆತಿದ್ದರೆ ತನ್ನ ಸಂಕಟದ ದೊಡ್ಡ ಪಾಲು ತಪ್ಪುತ್ತಿತ್ತೆಂದು ಹೇಳಿಕೊಂಡಳು. ಓದಿನಲ್ಲಿ ಇಷ್ಟು ಆಸಕ್ತಿಯುಳ್ಳ ನೀನೇ ಏಕೆ ವೈದ್ಯಳಾಗಬಾರದೆಂದೂ ಕೇಳಿದಳು. ಎಲಿಜಬೆತ್ ಆ ಮಾತನ್ನು ಕೂಡಲೇ ತಳ್ಳಿಹಾಕಿದಳು. ಆದರೆ ಮಾತು ಮನಸ್ಸಿನಲ್ಲಿ ಉಳಿಯಿತು. ಪರಿಚಯದ ವೈದ್ಯರಿಗೆಲ್ಲ ಪತ್ರ ಬರೆದು ವಿಚಾರಿಸಿದಾಗ, ಯೋಚನೆ ಒಳ್ಳೆಯದು, ಆದರೆ ನಡೆಯುವಂಥದಲ್ಲ ಎಂಬ ಉತ್ತರ ಬಂದಿತು. ಆಗದು ಎಂದು ಹತ್ತು ಜನ ಹೇಳಿದ ಮೇಲೆಯೇ ಆಕೆಯ ಸಂಕಲ್ಪ ಗಟ್ಟಿಯಾದದ್ದು.

ಓದಿಗೆ ಹಣ ಬೇಕು. 1845ರಲ್ಲಿ ಆಕೆ ದಕ್ಷಿಣದ ಆಶ್‌ವಿಲ್ ಎಂಬ ಊರಿನ ಶಾಲೆಯೊಂದರಲ್ಲಿ ಸಂಗೀತ ಕಲಿಸಲು ಹೋದಳು. ಆ ಶಾಲೆಯನ್ನು ನಡೆಸುತ್ತಿದ್ದ ಪಾದ್ರಿ ಹಿಂದೆ ವೈದ್ಯನಾಗಿದ್ದವನು. ಆತನ ಗ್ರಂಥಗಳನ್ನು ಬಿಡುವಿನ ವೇಳೆಯಲ್ಲಿ ಓದಲು ಅನುಮತಿ ದೊರೆಯಿತು. ಮರುವರ್ಷ ಚಾರ್ಲ್ಸ್‌ಟನ್ನಿನಲ್ಲಿ ಆತನ ಸಹೋದರನಾದ ವೈದ್ಯನ ಆಶ್ರಯ ಸಿಕ್ಕಿತು. ಹಗಲು ಪಾಠ ಹೇಳುವುದು, ಉಳಿದ ವೇಳೆ ವೈದ್ಯಗ್ರಂಥಗಳ ಅಧ್ಯಯನ. ಹೀಗೆ ಕೂಡಿಸಿದ ಹಣವನ್ನು ಗಂಟುಕಟ್ಟಿಕೊಂಡು 1847ರಲ್ಲಿ ಆಕೆ ಫಿಲಡೆಲ್ಫಿಯಕ್ಕೆ ಬಂದಳು. ಅಮೆರಿಕದಲ್ಲಿ ವೈದ್ಯವಿದ್ಯೆಯ ತವರೆಂದು ಆಗ ಹೆಸರಾಗಿದ್ದ ನಗರವದು.

ಅಲ್ಲಿ ಆಕೆಗೆ ದೊರೆತ ಉತ್ತರಗಳು ಬಗೆಬಗೆಯವು. ಒಬ್ಬ ಹಿರಿಯ ಪ್ರಾಧ್ಯಾಪಕರು ನಗುತ್ತ ಬರಮಾಡಿಕೊಂಡು, ಸಹೋದ್ಯೋಗಿಗಳೊಡನೆ ಆಲೋಚಿಸುವುದಾಗಿ ಹೇಳಿ ಕೆಲವು ದಿನಗಳ ಬಳಿಕ ಆಗದೆಂದು ತಿಳಿಸಿದರು. ಇನ್ನೊಂದು ಕಾಲೇಜಿನ ಮುಖ್ಯಸ್ಥರು ಮುಚ್ಚುಮರೆಯಿಲ್ಲದೆ ನಿಜವನ್ನೇ ಆಡಿಬಿಟ್ಟರು: ಹೆಂಗಸರು ಈ ವೃತ್ತಿಗೆ ಬಂದರೆ ತಮ್ಮ ಸಂಪಾದನೆಗೆ ಕುತ್ತು ಬರುವುದೆಂಬುದು ಅವರ ಭಯ. ಉಳಿದವರು ಸ್ತ್ರೀಸಹಜವಾದ ಲಜ್ಜೆ, ಮಾರ್ದವತೆಗಳ ಬಗೆಗೆ ಉಪದೇಶ ಮಾಡಿದರು. ಸಂಪಾದನೆಯ ಮಾತಾಡಿದವರು ಈ ಉಪದೇಶಕರಿಗಿಂತ ಪ್ರಾಮಾಣಿಕರೆನ್ನಬೇಕು.

ಸಹಾನುಭೂತಿ ತೋರಿದವರೂ ಇಲ್ಲದಿರಲಿಲ್ಲ. ಡಾ. ಜೋಸೆಫ್ ವಾರಿಂಗ್ಟನ್ ತಮ್ಮ ಗ್ರಂಥಭಂಡಾರವನ್ನು ಆಕೆಗೆ ತೆರೆದಿಟ್ಟು, ತಮ್ಮ ಉಪನ್ಯಾಸಗಳನ್ನು ಕೇಳಲು ಅವಕಾಶ ಕೊಟ್ಟರು. ಡಾ. ಅಲೆನ್ ಎಂಬುವರು ತಮ್ಮ ಖಾಸಗಿ ಪಾಠಶಾಲೆಯಲ್ಲಿ ಅಂಗರಚನಾಶಾಸ್ತ್ರ ಕಲಿಸಿದರು. ಆಕೆಯ ಅಳುಕನ್ನು ಅರಿತ ಅವರು ಮೊದಲ ಪಾಠಕ್ಕೆ ಆರಿಸಿಕೊಂಡದ್ದು ಮನುಷ್ಯನ ಮಣಿಕಟ್ಟನ್ನು. ಸಣ್ಣ ಸಣ್ಣ ಎಲುಬುಗಳ ಮೇಲೆ ಹಾದುಹೋಗುವ ಸ್ನಾಯುರಜ್ಜುಗಳ ಜೋಡಣೆಯನ್ನು ಕಂಡು ಎಲಿಜಬೆತ್ ಬೆರಗಾದಳು. ಎತ್ತಿನ ಕಣ್ಣನ್ನು ಕಂಡು ಮುಖ ತಿರುಗಿಸಿದ್ದವಳ ಹೇಸಿಗೆ ಅಂದಿಗೆ ಮುಗಿಯಿತು.

ಆದರೆ ಎಲಿಜಬೆತ್‌ಳ ನಿಜವಾದ ಪರೀಕ್ಷೆ ನಡೆದದ್ದು ನಿರಾಕರಣೆಗಳಲ್ಲಿ ಅಲ್ಲ, ಸಹಾಯದ ಮಾತುಗಳಲ್ಲಿ. ನಗರದ ಅತಿ ದೊಡ್ಡ ಕಾಲೇಜಿನ ಶಸ್ತ್ರವೈದ್ಯಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಒಂದು ಉಪಾಯವನ್ನು ಸೂಚಿಸಿದರು. ಆಕೆ ಗಂಡಸಿನ ಉಡುಪು ತೊಟ್ಟು ತರಗತಿಯಲ್ಲಿ ಕುಳಿತರಾಯಿತು. ನಂಬಿಕೆಯ ಇಬ್ಬರು ಮೂವರು ವಿದ್ಯಾರ್ಥಿಗಳಿಗೆ ಗುಟ್ಟು ತಿಳಿಸಿರುವುದು. ಯಾರಿಗಾದರೂ ಅನುಮಾನ ಬಂದರೆ ಅವರು ಮುನ್ಸೂಚನೆ ಕೊಡುವರು. ಪ್ಯಾರಿಸ್ಸಿಗೆ ಹೋಗಿ ಅಲ್ಲಿ ಓದಬೇಕೆಂದು ಬೇರೆ ಕೆಲವರು ಒತ್ತಾಯಿಸಿದರು; ಅಲ್ಲಿಯೂ ಪುರುಷವೇಷವೇ ಕ್ಷೇಮವೆಂಬುದು ಅವರ ಎಣಿಕೆ. ಈ ಸಲಹೆಗಳಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಕೇವಲ ವಿದ್ಯೆಯನ್ನು ಬಯಸಿದವರು ಇಂಥ ಅವಕಾಶವನ್ನು ಎರಡು ಕೈಗಳಿಂದ ಬಾಚಿಕೊಳ್ಳುತ್ತಿದ್ದರು. ಎಲಿಜಬೆತ್ ಒಪ್ಪಲಿಲ್ಲ. ವೇಷ ಹಾಕಿ ಪಡೆದ ವಿದ್ಯೆಯಿಂದ ಅವಳೊಬ್ಬಳು ವೈದ್ಯಳಾಗಬಹುದಿತ್ತು. ಅವಳ ಹಿಂದೆ ಬರುವ ಹುಡುಗಿಗೆ ಅದೇ ಮುಚ್ಚಿದ ಬಾಗಿಲು ಎದುರಾಗುತ್ತಿತ್ತು. ಸಾಲದುದಕ್ಕೆ, ಆ ಕಾಲದಲ್ಲಿ ಕದ್ದುಮುಚ್ಚಿ ಕಾನೂನುಬಾಹಿರವಾದ ಕೆಲಸ ಮಾಡುತ್ತಿದ್ದ ಕೆಲವರು ತಮ್ಮನ್ನು ಸ್ತ್ರೀವೈದ್ಯರೆಂದು ಕರೆದುಕೊಂಡು ಆ ಹೆಸರಿಗೇ ಮಸಿ ಬಳಿದಿದ್ದರು. ಅದನ್ನು ತೊಳೆಯಬೇಕಾದರೆ ಹಗಲು ಬೆಳಕಿನಲ್ಲಿ, ಹೆಂಗಸಾಗಿಯೇ, ಮಾನ್ಯತೆಯುಳ್ಳ ಕಾಲೇಜಿನಿಂದ ಪದವಿ ಪಡೆಯಬೇಕೆಂದು ಆಕೆ ನಿರ್ಧರಿಸಿದ್ದಳು. ಆಯ್ಕೆಯೇ ಇಲ್ಲದ ಸ್ಥಿತಿಯಲ್ಲಿ ಆಕೆ ಮಾಡಿದ ಆಯ್ಕೆ ಇದು.

ಫಿಲಡೆಲ್ಫಿಯದ ನಾಲ್ಕು ಕಾಲೇಜುಗಳೂ ಕೈಬಿಟ್ಟ ಮೇಲೆ ಆಕೆ ಉತ್ತರದ ರಾಜ್ಯಗಳ ಸಣ್ಣಪುಟ್ಟ ಕಾಲೇಜುಗಳ ಪಟ್ಟಿಯನ್ನು ತರಿಸಿಕೊಂಡು, ಅವುಗಳಲ್ಲಿ ಹನ್ನೆರಡನ್ನು ಆರಿಸಿ ಅರ್ಜಿಗಳನ್ನು ಕಳಿಸಿದಳು. ಅಕ್ಟೋಬರ್ ತಿಂಗಳ ಕೊನೆಯಲ್ಲಿ ಒಂದು ಪತ್ರ ಬಂದಿತು. ಅದನ್ನು ಬರೆದವರು ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದಲ್ಲಿದ್ದ ಜಿನೀವ ವೈದ್ಯಕೀಯ ಕಾಲೇಜಿನ ಮುಖ್ಯಸ್ಥರಾದ ಡಾ. ಚಾರ್ಲ್ಸ್ ಲೀ. ಈ ಜಿನೀವ ಸ್ವಿಟ್ಜರ್ಲೆಂಡಿನ ಪ್ರಸಿದ್ಧ ನಗರವಲ್ಲ. ಸರೋವರವೊಂದರ ದಡದಲ್ಲಿದ್ದ ಚಿಕ್ಕ ಊರು. ಪತ್ರದ ಜೊತೆಯಲ್ಲಿ ಅಲ್ಲಿನ ವಿದ್ಯಾರ್ಥಿಗಳು ಒಮ್ಮತದಿಂದ ಕೈಗೊಂಡ ನಿರ್ಣಯವೂ ಇತ್ತು. ವಿದ್ಯೆಯ ಬಾಗಿಲು ಎಲ್ಲರಿಗೂ ಸಮಾನವಾಗಿ ತೆರೆದಿರಬೇಕೆಂದೂ, ಆಕೆಗೆ ಬೇಸರವಾಗುವಂತೆ ತಾವು ಎಂದೂ ನಡೆದುಕೊಳ್ಳುವುದಿಲ್ಲವೆಂದೂ ಅವರು ಅದರಲ್ಲಿ ಸಾರಿದ್ದರು. ಎಲಿಜಬೆತ್ ಮುಂದೆ ಆ ನಿರ್ಣಯವನ್ನು ಚರ್ಮಪತ್ರದ ಮೇಲೆ ಬರೆಯಿಸಿ ಜೀವಮಾನವೆಲ್ಲ ಕಾಪಾಡಿಕೊಂಡಳು.

ಆ ಒಮ್ಮತ ಹೇಗೆ ಮೂಡಿತೆಂಬುದನ್ನು ಆಗ ವಿದ್ಯಾರ್ಥಿಯಾಗಿದ್ದ ಸ್ಟೀಫನ್ ಸ್ಮಿತ್ ಎಂಬುವರು ಬಹು ವರ್ಷಗಳ ಮೇಲೆ ವಿವರಿಸಿದ್ದಾರೆ. ಅರ್ಜಿಗೆ ಡಾ. ವಾರಿಂಗ್ಟನ್ನರ ಶಿಫಾರಸು ಇದ್ದುದರಿಂದ ಪ್ರಾಧ್ಯಾಪಕರಿಗೆ ಅದನ್ನು ತಿರಸ್ಕರಿಸಲು ಸಂಕೋಚ, ಒಪ್ಪಿಕೊಳ್ಳಲು ಮನಸ್ಸಿಲ್ಲ. ಅವರು ಜಾಣತನದಿಂದ ಹೊಣೆಯನ್ನು ವಿದ್ಯಾರ್ಥಿಗಳ ತಲೆಗೆ ಕಟ್ಟಿದರು. ಸುಮಾರು ನೂರೈವತ್ತು ಜನರಲ್ಲಿ ಒಬ್ಬನು ಬೇಡವೆಂದರೂ ಅರ್ಜಿಯನ್ನು ತಳ್ಳಿಹಾಕಬೇಕೆಂದು ಗೊತ್ತುಪಡಿಸಿದರು. ಹುಡುಗರು ಇದನ್ನು ಯಾವುದೋ ಪ್ರತಿಸ್ಪರ್ಧಿ ಕಾಲೇಜಿನವರ ಕುಚೇಷ್ಟೆಯೆಂದು ತಿಳಿದರು. ಸಭೆ ಸೇರಿತು, ಗದ್ದಲ, ನಗೆ, ಹಾಸ್ಯದ ಭಾಷಣಗಳ ನಡುವೆ ಎಲ್ಲರೂ ಹೂಂಗುಟ್ಟಿದರು. ಬೇಡವೆಂದು ದನಿಯೆತ್ತಿದ ಒಬ್ಬನೇ ಒಬ್ಬನನ್ನು ಉಳಿದವರು ಹಿಡಿದು, ಒಪ್ಪುವವರೆಗೂ ಬಿಡಲಿಲ್ಲ. ಪ್ರಾಧ್ಯಾಪಕರು ಹೂಡಿದ ಹೂಟ ಅವರಿಗೇ ತಿರುಗಿಬಿದ್ದಿತು. ಈ ಹಿನ್ನೆಲೆಯೇನೂ ತಿಳಿಯದ ಎಲಿಜಬೆತ್ ಪತ್ರವನ್ನು ನಂಬಿ ಹೊರಟಳು. ನವೆಂಬರ್ 6ರ ರಾತ್ರಿ ಮಳೆಯಲ್ಲಿ ಜಿನೀವಕ್ಕೆ ಬಂದಿಳಿದು ಮರುದಿನಗಳಲ್ಲಿ ಹೆಸರು ನೋಂದಾಯಿಸಿಕೊಂಡಳು.

ಆಕೆ ತರಗತಿಯೊಳಗೆ ಕಾಲಿಟ್ಟ ದಿನ, ಸದಾ ಸಂತೆಯಂತಿರುತ್ತಿದ್ದ ಕೊಠಡಿ ನಿಶ್ಶಬ್ದವಾಯಿತು. ಹಾಸ್ಯಕ್ಕೆಂದು ಕರೆದ ಹುಡುಗರೇ ಆಕೆಯ ಗಾಂಭೀರ್ಯಕ್ಕೆ ಮಣಿದು ತಮ್ಮ ಮಾತನ್ನು ಉಳಿಸಿಕೊಂಡರು. ಊರಿನವರು ಹಾಗಲ್ಲ. ಈಕೆ ನಡತೆಗೆಟ್ಟವಳೋ ಹುಚ್ಚಿಯೋ ಇರಬೇಕೆಂದು ಬೀದಿಯಲ್ಲಿ ನಿಂತು ನೋಡುತ್ತಿದ್ದರು. ಊಟದ ಮನೆಯಲ್ಲಿ ಜೊತೆಗೆ ಕುಳಿತ ವೈದ್ಯರೊಬ್ಬರ ಹೆಂಡತಿ ಆಕೆಯೊಡನೆ ಮಾತಾಡುತ್ತಲೇ ಇರಲಿಲ್ಲ. ಪ್ರಜನನಾಂಗಗಳನ್ನು ಕುರಿತ ಪಾಠ ಬಂದಾಗ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕ ವೆಬ್‌ಸ್ಟರ್ ಆ ದಿನ ಬರಬಾರದೆಂದು ತಿಳಿಸಿದರು. ತಾನು ಅಲ್ಲಿಗೆ ಬಂದಿರುವುದು ಶಾಸ್ತ್ರವನ್ನು ಭಕ್ತಿಯಿಂದ ಕಲಿಯಲೆಂದೂ, ಬೇಕಾದರೆ ಯಾರ ಕಣ್ಣಿಗೂ ಬೀಳದಂತೆ ಹಿಂದೆ ಕುಳಿತುಕೊಳ್ಳುವೆನೆಂದೂ ಆಕೆ ವಿನಯದಿಂದ ಉತ್ತರ ಬರೆದಳು. ವೆಬ್‌ಸ್ಟರ್ ಆ ಪತ್ರವನ್ನು ತರಗತಿಯಲ್ಲಿ ಓದಿ ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಂಡರು.

1848ರ ಬೇಸಗೆಯಲ್ಲಿ ಆಕೆ ಫಿಲಡೆಲ್ಫಿಯದ ಬ್ಲಾಕ್ಲೆ ಅನಾಥಾಲಯದ ಆಸ್ಪತ್ರೆಯಲ್ಲಿ ಕೆಲಸ ಕಲಿತಳು. ಆಕೆ ಒಳಗೆ ಬಂದರೆ ಅಲ್ಲಿನ ಕಿರಿಯ ವೈದ್ಯರು ಹೊರಗೆ ಹೋಗುತ್ತಿದ್ದರು. ರೋಗಿಗಳ ಹಾಸಿಗೆಯ ಮೇಲ್ಗಡೆ ರೋಗದ ಹೆಸರನ್ನೂ ಚಿಕಿತ್ಸೆಯನ್ನೂ ಬರೆದಿಡುವ ವಾಡಿಕೆಯನ್ನೇ ನಿಲ್ಲಿಸಿಬಿಟ್ಟರು. ಬರಗಾಲದಿಂದ ಕಂಗೆಟ್ಟು ಐರ್ಲೆಂಡಿನಿಂದ ಹಡಗುಗಳಲ್ಲಿ ಬಂದ ಬಡವರು ಟೈಫಸ್ ಜ್ವರದಿಂದ ಅಲ್ಲಿ ನರಳುತ್ತಿದ್ದರು. ಆ ಜ್ವರವನ್ನು ಕುರಿತೇ ಆಕೆ ತನ್ನ ಪ್ರಬಂಧವನ್ನು ಬರೆದಳು. 1849ನೆಯ ಜನವರಿ 23ರಂದು ಇಡೀ ತರಗತಿಗೆ ಮೊದಲಿಗಳಾಗಿ ವೈದ್ಯ ಪದವಿ ಪಡೆದಳು. ಅದೇ ಕಾಲೇಜು ಕೆಲವು ವರ್ಷಗಳ ಅನಂತರ ಆಕೆಯ ತಂಗಿ ಎಮಿಲಿಗೆ ಪ್ರವೇಶ ನಿರಾಕರಿಸಿತೆಂಬುದನ್ನೂ ಇಲ್ಲಿ ಹೇಳಬೇಕು. ಎಮಿಲಿ ಶಿಕಾಗೋದ ಕಾಲೇಜೊಂದರಲ್ಲಿ ಒಂದು ವರ್ಷ ಓದಿ, ಅಲ್ಲಿಂದಲೂ ಹೊರಬೀಳಬೇಕಾಗಿ ಬಂದು, 1854ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಪದವಿ ಮುಗಿಸಿದಳು.

ಶಸ್ತ್ರವೈದ್ಯಳಾಗಬೇಕೆಂಬುದು ಎಲಿಜಬೆತ್‌ಳ ಹಂಬಲ. ಪದವಿ ಪಡೆದಿದ್ದರೂ ಪ್ಯಾರಿಸ್ಸಿನ ಹೆರಿಗೆ ಆಸ್ಪತ್ರೆಯಲ್ಲಿ ಸಾಮಾನ್ಯ ಸೂಲಗಿತ್ತಿಯರ ಜೊತೆ ವಿದ್ಯಾರ್ಥಿನಿಯಾಗಿ ಸೇರಲು ಆಕೆ ಹಿಂಜರಿಯಲಿಲ್ಲ. 1849ರ ನವೆಂಬರ್‌ನಲ್ಲಿ ಸೋಂಕು ತಗುಲಿದ್ದ ಹಸುಗೂಸೊಂದರ ಕಣ್ಣನ್ನು ತೊಳೆಯುವಾಗ ನೀರು ತನ್ನ ಕಣ್ಣಿಗೇ ಸಿಡಿಯಿತು. ಎಡಗಣ್ಣು ಹೋಯಿತು, ಅದರೊಡನೆ ಶಸ್ತ್ರಚಿಕಿತ್ಸೆಯ ಕನಸೂ ಹೋಯಿತು. ಬಳಿಕ ಲಂಡನ್ನಿನ ಸೇಂಟ್ ಬಾರ್ತಲೊಮ್ಯೂ ಆಸ್ಪತ್ರೆಯಲ್ಲಿ ಎಲ್ಲ ವಿಭಾಗಗಳೂ ಆಕೆಗೆ ತೆರೆದಿದ್ದವು. ಮುಚ್ಚಿದ್ದದ್ದು ಒಂದೇ: ಸ್ತ್ರೀರೋಗಗಳ ವಿಭಾಗ!

1851ರಲ್ಲಿ ನ್ಯೂಯಾರ್ಕಿಗೆ ಮರಳಿದ ಆಕೆಗೆ ಬಾಡಿಗೆಗೆ ಕೋಣೆ ಸಿಗುವುದೂ ದುಸ್ತರವಾಯಿತು. 1853ರಲ್ಲಿ ಬಡವರಿಗಾಗಿ ಸಣ್ಣ ಚಿಕಿತ್ಸಾಲಯವೊಂದನ್ನು ತೆರೆದಳು. 1857ರಲ್ಲಿ ತಂಗಿ ಎಮಿಲಿ ಮತ್ತು ಮರೀ ಜಾಕ್‌ಶೆವ್‌ಸ್ಕಾ ಎಂಬ ವೈದ್ಯೆಯೊಡನೆ ಸೇರಿ ಹೆಂಗಸರು ಮತ್ತು ಮಕ್ಕಳ ಆಸ್ಪತ್ರೆಯನ್ನು ಸ್ಥಾಪಿಸಿದಳು. ಅದರ ವೈದ್ಯರೂ ಮಹಿಳೆಯರೇ.

ಗಂಡಸರೂ ಹೆಂಗಸರೂ ಒಂದೇ ಕಾಲೇಜಿನಲ್ಲಿ ಕಲಿಯಬೇಕೆಂಬುದು ಆಕೆಯ ಮೊದಲಿನಿಂದಲೂ ಇದ್ದ ಅಭಿಪ್ರಾಯ. ಹೆಂಗಸರಿಗೆಂದೇ ಫಿಲಡೆಲ್ಫಿಯದಲ್ಲಿ 1850ರಲ್ಲಿ ಒಂದು ವೈದ್ಯಕೀಯ ಕಾಲೇಜು ಪ್ರಾರಂಭವಾಗಿತ್ತು. ನಮ್ಮ ದೇಶದ ಆನಂದಿಬಾಯಿ ಜೋಶಿ 1886ರಲ್ಲಿ ಪದವಿ ಪಡೆದದ್ದು ಅಲ್ಲಿಯೇ. ಆದರೂ ದೊಡ್ಡ ಕಾಲೇಜುಗಳ ಮನಸ್ಸು ಕರಗುವುದೆಂದು ಎಲಿಜಬೆತ್ ಬಹುಕಾಲ ಕಾದಳು. ಕರಗಲಿಲ್ಲ. ಕೊನೆಗೆ 1868ರಲ್ಲಿ ತನ್ನ ಆಸ್ಪತ್ರೆಗೆ ಸೇರಿದಂತೆಯೇ ಮಹಿಳಾ ವೈದ್ಯಕೀಯ ಕಾಲೇಜನ್ನು ತೆರೆದಳು. ಆ ಕಾಲದ ಅನೇಕ ಕಾಲೇಜುಗಳಲ್ಲಿ ಸುಮಾರು ಹದಿನಾರು ವಾರಗಳ ಎರಡು ಅವಧಿಗಳು ಮುಗಿದರೆ ಪಾಠ ಮುಗಿಯಿತು; ಎರಡನೆಯ ಅವಧಿಯಲ್ಲಿಯೂ ಮೊದಲಿನ ಉಪನ್ಯಾಸಗಳೇ. ಆಕೆಯ ಕಾಲೇಜಿನಲ್ಲಿ ಪ್ರವೇಶ ಪರೀಕ್ಷೆ, ಮೂರು ವರ್ಷಗಳ ಕ್ರಮಬದ್ಧ ವ್ಯಾಸಂಗ, ರೋಗಿಗಳ ನಡುವೆ ತರಬೇತಿ, ಹೊರಗಿನ ವೈದ್ಯರ ಮಂಡಲಿಯಿಂದ ಪದವಿ ಪರೀಕ್ಷೆ, ಎಲ್ಲವೂ ಇದ್ದವು. ಹೆಂಗಸರಿಗಾಗಿ ನಿಯಮವನ್ನು ಸಡಿಲಿಸಿದರೆಂಬ ಮಾತು ಬರಬಾರದೆಂದು ಆಕೆ ಅದನ್ನು ಇನ್ನಷ್ಟು ಬಿಗಿಮಾಡಿದ್ದಳು. ಆರೋಗ್ಯರಕ್ಷಣಾಶಾಸ್ತ್ರದ ಪೀಠವನ್ನು ತಾನೇ ವಹಿಸಿಕೊಂಡಳು.

ಮರುವರ್ಷ ಕಾಲೇಜನ್ನು ಎಮಿಲಿಯ ಕೈಗೊಪ್ಪಿಸಿ ಎಲಿಜಬೆತ್ ಹುಟ್ಟಿದ ನಾಡಿಗೆ ಹಿಂದಿರುಗಿದಳು. 1874ರಲ್ಲಿ ಲಂಡನ್ನಿನಲ್ಲಿ ಮಹಿಳೆಯರ ವೈದ್ಯಶಾಲೆ ಸ್ಥಾಪನೆಯಾದಾಗ ಅದಕ್ಕೆ ನೆರವಾಗಿ, ಅಲ್ಲಿ ಪ್ರಾಧ್ಯಾಪಿಕೆಯೂ ಆದಳು. 1895ರಲ್ಲಿ ಆತ್ಮಚರಿತ್ರೆಯನ್ನು ಪ್ರಕಟಿಸಿದಳು.

ನ್ಯೂಯಾರ್ಕಿನ ಕಾಲೇಜನ್ನು ಎಮಿಲಿ ಮೂವತ್ತು ವರ್ಷ ನಡೆಸಿದಳು. 1899ರಲ್ಲಿ ಅದನ್ನು ಮುಚ್ಚಲಾಯಿತು. ಆ ವೇಳೆಗೆ ಕಾರ್ನೆಲ್ ವಿಶ್ವವಿದ್ಯಾಲಯದ ಹೊಸ ವೈದ್ಯಕೀಯ ಕಾಲೇಜು ಗಂಡಸರೊಡನೆ ಹೆಂಗಸರನ್ನೂ ಸೇರಿಸಿಕೊಳ್ಳಲು ಒಪ್ಪಿದ್ದಿತು. ವಿದ್ಯಾರ್ಥಿನಿಯರು ಅಲ್ಲಿಗೆ ಹೋದರು. ಎಲಿಜಬೆತ್ 1910ನೆಯ ಮೇ 31ರಂದು ಇಂಗ್ಲೆಂಡಿನ ಹೇಸ್ಟಿಂಗ್ಸ್‌ನಲ್ಲಿ ತೀರಿಕೊಂಡಳು. ಸ್ಕಾಟ್‌ಲೆಂಡಿನ ಕಿಲ್ಮನ್ ಎಂಬ ಹಳ್ಳಿಯಲ್ಲಿ ಆಕೆಯ ಸಮಾಧಿಯಿದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಎಮಿಲಿಯೂ ಅಮೆರಿಕದಲ್ಲಿ ಕಣ್ಣುಮುಚ್ಚಿದಳು.