ಮಸುಕಾದ ಗ್ಯಾಲಕ್ಸಿ ನೋಡಲು ದೊಡ್ಡ ಟೆಲಿಸ್ಕೋಪೇ ಬೇಕಾ? ಕ್ಯಾರೊಲಿನ್ ಹರ್ಷೆಲ್ ಕಥೆ ಓದಿ

ಬಣ್ಣಬಣ್ಣದ ಗ್ಯಾಲಕ್ಸಿ ಫೋಟೊಗಳು ನಿಮ್ಮ ವಾಟ್ಸ್ಆ್ಯಪ್‌ಗೂ ಬಂದಿರಬಹುದು. ಇವೆಲ್ಲ ಕೋಟಿಗಟ್ಟಲೆ ಬೆಲೆಯ ಟೆಲಿಸ್ಕೋಪಿಗೆ ಮಾತ್ರ ಕಾಣುತ್ತವೆ ಎಂದು ಹಲವರು ನಂಬಿದ್ದಾರೆ. ಇದು ಪೂರ್ತಿ ನಿಜವಲ್ಲ. ಸುಮಾರು 240 ವರ್ಷಗಳ ಹಿಂದೆ ಕ್ಯಾರೊಲಿನ್ ಹರ್ಷೆಲ್ ಎಂಬ ಮಹಿಳೆ ನಾಲ್ಕಿಂಚು ಅಗಲದ ಕನ್ನಡಿಯ ಟೆಲಿಸ್ಕೋಪಿನಲ್ಲೇ ಒಂದು ಕುಬ್ಜ ಗ್ಯಾಲಕ್ಸಿಯನ್ನು ಕಂಡಿದ್ದರು.

ಅವರು ಹುಟ್ಟಿದ್ದು 1750ರ ಮಾರ್ಚ್ 16ರಂದು, ಈಗಿನ ಜರ್ಮನಿಯ ಹ್ಯಾನೋವರ್‌ನಲ್ಲಿ. ಹತ್ತನೇ ವಯಸ್ಸಿಗೆ ಟೈಫಸ್ ಜ್ವರ ಬಂದು ಬೆಳವಣಿಗೆ ಕುಂಠಿತವಾಯಿತು. ಎತ್ತರ ಸುಮಾರು ನಾಲ್ಕೂಕಾಲು ಅಡಿಗೇ ನಿಂತಿತು. ಮಗಳು ಮನೆಗೆಲಸ ಮಾಡಿಕೊಂಡಿದ್ದರೆ ಸಾಕು ಎಂಬುದು ತಾಯಿಯ ನಿಲುವು. 1772ರಲ್ಲಿ ಅಣ್ಣ ವಿಲಿಯಂ, ತಾಯಿಗೆ ಕೆಲಸದವರನ್ನಿಡಲು ಹಣ ಕೊಡಲು ಒಪ್ಪಿ, ತಂಗಿಯನ್ನು ಇಂಗ್ಲೆಂಡಿನ ಬಾತ್ ನಗರಕ್ಕೆ ಕರೆದೊಯ್ದರು. ಅಲ್ಲಿ ಕ್ಯಾರೊಲಿನ್ ಗಾಯಕಿಯಾದರು. 1781ರಲ್ಲಿ ವಿಲಿಯಂ ಯುರೇನಸ್ ಗ್ರಹವನ್ನು ಪತ್ತೆಹಚ್ಚಿದರು. ಆಮೇಲೆ ಇಬ್ಬರೂ ಸಂಗೀತದ ವೃತ್ತಿ ಬಿಟ್ಟು ಆಕಾಶ ವೀಕ್ಷಣೆಗೆ ಇಳಿದರು.

1783ರ ಆಗಸ್ಟ್ 27ರ ರಾತ್ರಿ, ಅಣ್ಣ ಮಾಡಿಕೊಟ್ಟ ಪುಟ್ಟ ಟೆಲಿಸ್ಕೋಪಿನಲ್ಲಿ ಆಂಡ್ರೊಮಿಡಾದ ಪಕ್ಕ ಅವರಿಗೊಂದು ಮಸುಕು ಕಲೆ ಕಂಡಿತು. ಅದು 25 ಲಕ್ಷ ಜ್ಯೋತಿರ್ವರ್ಷಕ್ಕೂ ದೂರದ ಕುಬ್ಜ ಗ್ಯಾಲಕ್ಸಿ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಹಾಗಾದರೆ ಅದನ್ನು ಮೊದಲು ಕಂಡವರು ಇವರೇನಾ? ಅಲ್ಲ. ಫ್ರಾನ್ಸಿನ ಚಾರ್ಲ್ಸ್ ಮೆಸಿಯೆ 1773ರಲ್ಲೇ ನೋಡಿದ್ದರು. ಆದರೆ ತಮ್ಮ ಪ್ರಸಿದ್ಧ ಪಟ್ಟಿಗೆ ಸೇರಿಸಿರಲಿಲ್ಲ. ಕ್ಯಾರೊಲಿನ್ ಅದನ್ನು ಸ್ವತಂತ್ರವಾಗಿ ಕಂಡುಹಿಡಿದರು. ಇಂದು ಅದರ ಹೆಸರು ಎಂ110.

ಮುಂದೆ ಅವರು ಎಂಟು ಧೂಮಕೇತುಗಳನ್ನು ಗುರುತಿಸಿದರು. 1787ರಿಂದ ಇಂಗ್ಲೆಂಡಿನ ರಾಜ ವರ್ಷಕ್ಕೆ 50 ಪೌಂಡ್ ಸಂಬಳ ಕೊಟ್ಟರು. 1828ರಲ್ಲಿ ಇಂಗ್ಲೆಂಡಿನ ಖಗೋಳ ಸಂಘದ ಚಿನ್ನದ ಪದಕ ಸಿಕ್ಕಿತು; ಆ ಪದಕ ಇನ್ನೊಬ್ಬ ಮಹಿಳೆಗೆ ಬಂದಿದ್ದು 1996ರಲ್ಲಿ, ವೆರಾ ರೂಬಿನ್ ಅವರಿಗೆ. ಕ್ಯಾರೊಲಿನ್ 1848ರ ಜನವರಿ 9ರಂದು, 97ನೇ ವಯಸ್ಸಿನಲ್ಲಿ ನಿಧನರಾದರು.

ಎಂ110 ಅನ್ನು ನೀವೂ ನೋಡಬಹುದು. ನಾಲ್ಕಿಂಚಿನ ಟೆಲಿಸ್ಕೋಪ್ ಸಾಕು, ಆದರೆ ಊರಿನ ದೀಪಗಳಿಂದ ದೂರ ಹೋಗಬೇಕು. ಕರ್ನಾಟಕದಲ್ಲಿ ನವೆಂಬರ್ ಮಧ್ಯದಲ್ಲಿ ರಾತ್ರಿ 9ರ ಹೊತ್ತಿಗೆ ಆಂಡ್ರೊಮಿಡಾ ಉತ್ತರ ದಿಕ್ಕಿನಲ್ಲಿ ಎತ್ತರದಲ್ಲಿರುತ್ತದೆ. ಫೋಟೊದಲ್ಲಿರುವ ಬಣ್ಣ ಕಾಣುವುದಿಲ್ಲ, ಬೂದು ಛಾಯೆ ಮಾತ್ರ ಕಾಣುತ್ತದೆ. ನೇರವಾಗಿ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಡಿ. ಮಂದ ಬೆಳಕನ್ನು ಗ್ರಹಿಸುವ ಜೀವಕೋಶಗಳು ಕಣ್ಣಿನ ಪರದೆಯ ನಟ್ಟನಡುವೆ ಇರುವುದಿಲ್ಲ, ಅದರ ಸುತ್ತ ಇರುತ್ತವೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ಮೊಬೈಲ್ ಜೇಬಿನಲ್ಲೇ ಇರಲಿ.