ಅಕ್ಷರವನ್ನು ಗೆದ್ದುಕೊಂಡ ಫ್ರೆಡರಿಕ್ ಡಗ್ಲಸ್

ಕಳೆದ ವರುಷ ಒಂದು ಮಧ್ಯಾಹ್ನ ನಮ್ಮ ಇತಿಹಾಸದ ಅಧ್ಯಾಪಕರು ಅಮೆರಿಕದ ಗುಲಾಮಗಿರಿಯನ್ನು ಕುರಿತು ಪಾಠ ಹೇಳುತ್ತ, ವಾಷಿಂಗ್ಟನ್ ನಗರದ ಅನಕೋಸ್ಟಿಯ ಎಂಬ ಭಾಗದಲ್ಲಿರುವ ಒಂದು ಮನೆಯ ಚಿತ್ರಗಳನ್ನು ತೆರೆಯ ಮೇಲೆ ತೋರಿಸಿದರು. ಗುಡ್ಡದ ಮೇಲೆ ನಿಂತಿರುವ ಆ ಮನೆಗೆ ಸೀಡರ್ ಹಿಲ್ ಎಂದು ಹೆಸರು. ಈಗ ಅದೊಂದು ವಸ್ತುಸಂಗ್ರಹಾಲಯ. ಬರೆಯುವ ಮೇಜು, ಪಿಟೀಲು, ಸಾಲುಸಾಲಾಗಿ ಪುಸ್ತಕಗಳು. ಯಾರೋ ದೊಡ್ಡ ವಕೀಲರ ಮನೆಯಿರಬೇಕೆಂದು ನಾನು ಎಣಿಸಿದೆ. ಆ ಮನೆಯ ಯಜಮಾನನು ಹುಟ್ಟು ಗುಲಾಮನೆಂದೂ, ಒಂದು ದಿನವೂ ಪಾಠಶಾಲೆಗೆ ಹೋದವನಲ್ಲವೆಂದೂ ಅಧ್ಯಾಪಕರು ಹೇಳಿದಾಗ ನನ್ನ ಮನಸ್ಸು ಆ ಮೇಜಿನ ಬಳಿಯೇ ನಿಂತುಬಿಟ್ಟಿತು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನನ್ನ ತಾತ ತಮ್ಮ ತಂದೆ ಮಾಡಿದ್ದ ಸಾಲಕ್ಕಾಗಿ ಎಳೆಯ ವಯಸ್ಸಿನಲ್ಲೇ ಜೀತಕ್ಕೆ ನಿಂತವರು. 1976ರಲ್ಲಿ ಜೀತ ನಿರ್ಮೂಲನದ ಕಾನೂನು ಬಂದ ಮೇಲೆ ಅವರ ಕೊರಳಿನ ಭಾರ ಇಳಿಯಿತು. ಅಮೆರಿಕದ ಗುಲಾಮಗಿರಿಯೂ ನಮ್ಮ ಜೀತವೂ ಒಂದೇ ಎಂದು ನಾನು ಹೇಳುವುದಿಲ್ಲ. ಅಲ್ಲಿ ಮನುಷ್ಯನನ್ನು ಸಂತೆಯಲ್ಲಿ ನಿಲ್ಲಿಸಿ ಹಲ್ಲು ನೋಡಿ ಕೊಳ್ಳುತ್ತಿದ್ದರು. ಅವನ ಮಕ್ಕಳೂ ಒಡೆಯನ ಆಸ್ತಿಯಾಗುತ್ತಿದ್ದರು. ಆದರೂ ತಾತನ ಮೊಮ್ಮಗಳಾದ ನನಗೆ ಆ ಮನೆಯ ಯಜಮಾನನ ಕಥೆಯನ್ನು ತಿಳಿಯಲೇಬೇಕೆನಿಸಿತು. ನಮ್ಮ ಗ್ರಂಥಾಲಯದಿಂದ ಅವನ ಆತ್ಮಚರಿತ್ರೆಯನ್ನು ತಂದು, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಿದೆ. ಓದಿ ತಿಳಿದುದನ್ನು ಸಹಪಾಠಿಗಳ ಮುಂದೆ ಇಡುತ್ತಿದ್ದೇನೆ.

ಫ್ರೆಡರಿಕ್ ಡಗ್ಲಸನು 1818ರಲ್ಲಿ ಮೇರಿಲೆಂಡ್ ರಾಜ್ಯದ ಟಾಲ್ಬಟ್ ಎಂಬಲ್ಲಿ ಜನಿಸಿದನು. ಹುಟ್ಟಿದ ದಿನ ಯಾವುದೆಂಬುದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಗುಲಾಮರ ಮಕ್ಕಳಿಗೆ ಹುಟ್ಟುಹಬ್ಬವೆಲ್ಲಿಯದು? ತಾಯಿ ಹ್ಯಾರಿಯೆಟ್ ಬೇಲಿಯನ್ನು ಹನ್ನೆರಡು ಮೈಲಿ ದೂರದ ಹೊಲದ ಕೆಲಸಕ್ಕೆ ಕಳುಹಿಸಿದ್ದರು. ದಿನವೆಲ್ಲ ದುಡಿದು, ಕತ್ತಲಾದ ಮೇಲೆ ನಡೆದು ಬಂದು, ಮಗುವಿನ ಪಕ್ಕದಲ್ಲಿ ಸ್ವಲ್ಪ ಹೊತ್ತು ಮಲಗಿ, ಬೆಳಗಾಗುವುದರೊಳಗೆ ಆಕೆ ಹಿಂದಿರುಗಬೇಕಾಗಿತ್ತು. ಹಾಗೆ ಬಂದದ್ದೂ ನಾಲ್ಕೈದು ಸಲವಷ್ಟೆ. ಮಗನಿಗೆ ಏಳು ವರುಷ ತುಂಬುವ ಹೊತ್ತಿಗೆ ಆಕೆ ತೀರಿಕೊಂಡಳು. ಅಜ್ಜಿ ಬೆಟ್ಸಿಯ ಗುಡಿಸಿಲಿನಲ್ಲಿ ಬೆಳೆದ ಹುಡುಗನನ್ನು ಆರು ವರುಷವಾಗುತ್ತಲೇ ದೊಡ್ಡ ಜಮೀನಿಗೆ ಒಪ್ಪಿಸಿದರು. ಅಲ್ಲಿ ಮೈಮೇಲೆ ಒಂದು ಅಂಗಿ, ಚಳಿಗಾಲದಲ್ಲಿ ಹೊದೆಯಲು ಒಂದು ಗೋಣಿಚೀಲ. ಹಿಟ್ಟಿನ ಅಂಬಲಿಯನ್ನು ದೋಣಿಯಂತಹ ಮರದ ತೊಟ್ಟಿಗೆ ಸುರಿದರೆ ಮಕ್ಕಳೆಲ್ಲ ಮುಗಿಬಿದ್ದು ತಿನ್ನಬೇಕು.

1826ರಲ್ಲಿ ಅವನನ್ನು ಬಾಲ್ಟಿಮೋರ್ ನಗರದಲ್ಲಿದ್ದ ಹ್ಯೂ ಆಲ್ಡ್ ಎಂಬವನ ಮನೆಗೆ ಕಳುಹಿಸಿದರು. ಅವನ ಹೆಂಡತಿ ಸೋಫಿಯಾ ಮೊದಮೊದಲು ಮರುಕವುಳ್ಳವಳು. ಹುಡುಗನು ಕೇಳಿದನೆಂದು ಅವನಿಗೆ ಅಕ್ಷರಮಾಲೆಯನ್ನೂ ಚಿಕ್ಕ ಚಿಕ್ಕ ಪದಗಳನ್ನೂ ಹೇಳಿಕೊಟ್ಟಳು. ಗಂಡನಿಗೆ ಇದು ತಿಳಿದೊಡನೆ ಪಾಠ ನಿಂತಿತು. ಓದು ಕಲಿತ ಗುಲಾಮನು ಗುಲಾಮನಾಗಿ ಉಳಿಯಲಾರನೆಂದು ಅವನು ಹುಡುಗನ ಎದುರಿಗೇ ಹೆಂಡತಿಗೆ ಎಚ್ಚರಿಸಿದನು. ಆ ಕಾಲದಲ್ಲಿ ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಓದು ಕಲಿಸುವುದನ್ನು ಕಾನೂನೇ ತಡೆಯುತ್ತಿತ್ತು. ಕಾನೂನಿಲ್ಲದ ಕಡೆ ಒಡೆಯನ ಚಾಟಿ ತಡೆಯುತ್ತಿತ್ತು. ಆದರೆ ಯಜಮಾನನ ಆ ಎಚ್ಚರಿಕೆಯ ಮಾತೇ ಹುಡುಗನಿಗೆ ಬಿಡುಗಡೆಯ ದಾರಿಯನ್ನು ತೋರಿಸಿತು. ಯಾವುದನ್ನು ಒಡೆಯನು ಇಷ್ಟು ಹೆದರಿ ಮುಚ್ಚಿಡುತ್ತಾನೋ ಅದೇ ತನಗೆ ಬೇಕಾದುದೆಂದು ಅವನು ನಿಶ್ಚಯಿಸಿಕೊಂಡನು.

ಅಂದಿನಿಂದ ಬಾಲ್ಟಿಮೋರಿನ ಬೀದಿಯೇ ಅವನ ಪಾಠಶಾಲೆಯಾಯಿತು. ಮನೆಯಲ್ಲಿ ಅವನಿಗೆ ರೊಟ್ಟಿಗೆ ಕೊರತೆಯಿರಲಿಲ್ಲ. ಬೀದಿಯ ಬಡ ಬಿಳಿಯ ಹುಡುಗರಿಗೆ ಹಸಿವಿತ್ತು. ರೊಟ್ಟಿಯನ್ನು ಅವರಿಗೆ ಕೊಟ್ಟು, ಒಂದೊಂದು ಪದವನ್ನು ಅವರಿಂದ ಕೊಂಡನು. ಹಡಗು ಕಟ್ಟುವ ಸ್ಥಳದಲ್ಲಿ ಬಡಗಿಗಳು, ಯಾವ ಮರ ಹಡಗಿನ ಯಾವ ಕಡೆಗೆ ಸೇರಬೇಕೆಂದು ತಿಳಿಯಲು, ತೊಲೆಗಳ ಮೇಲೆ ಒಂದೆರಡು ಅಕ್ಷರಗಳನ್ನು ಗುರುತು ಹಾಕುತ್ತಿದ್ದರು. ಅದನ್ನು ನೋಡಿ ನೋಡಿ ನಾಲ್ಕು ಅಕ್ಷರಗಳನ್ನು ಬರೆಯಲು ಕಲಿತನು. ಆಮೇಲೆ ಹುಡುಗರೊಡನೆ ಪಂಥ ಕಟ್ಟಿ, ಅವರು ಗೆಲ್ಲಲೆಂದು ಬರೆದು ತೋರಿಸಿದ ಉಳಿದ ಅಕ್ಷರಗಳನ್ನೂ ಕಲಿತನು. ಗೋಡೆ, ಬೇಲಿ, ನೆಲಗಳೇ ಅವನ ಹಲಗೆ. ಸೀಮೆಸುಣ್ಣದ ತುಂಡೇ ಲೇಖನಿ. ಯಜಮಾನನ ಮಗನು ಬರೆದು ಮುಗಿಸಿದ ಕಾಪಿ ಪುಸ್ತಕಗಳ ಖಾಲಿ ಜಾಗದಲ್ಲಿ ಅದೇ ಬರಹವನ್ನು ತಿದ್ದಿದನು. ಹನ್ನೆರಡು ಹದಿಮೂರನೆಯ ವಯಸ್ಸಿನಲ್ಲಿ, ಬೂಟುಗಳಿಗೆ ಪಾಲಿಷ್ ಹಾಕಿ ಗಳಿಸಿದ 50 ಸೆಂಟುಗಳಿಂದ, ಭಾಷಣಗಳ ಸಂಗ್ರಹವಾದ ಕೊಲಂಬಿಯನ್ ಆರೇಟರ್ ಎಂಬ ಪುಸ್ತಕವನ್ನು ಕೊಂಡನು.

ಇಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ವಿದ್ಯೆಯು ಡಗ್ಲಸನಿಗೆ ಮೊದಲು ಕೊಟ್ಟದ್ದು ಸುಖವನ್ನಲ್ಲ, ಸಂಕಟವನ್ನು. ತಾನು ಯಾವ ಸ್ಥಿತಿಯಲ್ಲಿದ್ದೇನೆಂಬುದನ್ನು ಓದು ತೋರಿಸಿತೇ ಹೊರತು ಹೊರಬರುವ ಬಾಗಿಲನ್ನು ಇನ್ನೂ ತೋರಿಸಿರಲಿಲ್ಲ. ಏನನ್ನೂ ಯೋಚಿಸದೆ ಬದುಕುವ ಪಶುಗಳನ್ನು ಕಂಡು ತಾನು ಅಸೂಯೆಪಟ್ಟದ್ದುಂಟೆಂದು ಅವನೇ ಬರೆದುಕೊಂಡಿದ್ದಾನೆ. ಈ ಭಾಗವನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮನೆಯವರಿಗೆ ಅರ್ಥವಾಗದ ಮಾತುಗಳನ್ನು ಕಲಿತು ಮನೆಗೆ ಹಿಂದಿರುಗುವ ವಿದ್ಯಾರ್ಥಿಗೆ ಈ ಸಂಕಟದ ಒಂದು ಚೂರಾದರೂ ತಿಳಿದಿರುತ್ತದೆ.

1833ರಲ್ಲಿ ಅವನನ್ನು ಮತ್ತೆ ಹಳ್ಳಿಗೆ ಕರೆಸಿದರು. ಅಲ್ಲಿ ಅವನು ಪಳಗದ ಆಳೆಂದು ಕಂಡಿದ್ದರಿಂದ, ಮರುವರುಷ ಎಡ್ವರ್ಡ್ ಕೋವಿ ಎಂಬವನ ಕೈಗೆ ಒಪ್ಪಿಸಿದರು. ಎತ್ತನ್ನು ಪಳಗಿಸುವಂತೆ ಗುಲಾಮರನ್ನು ಹೊಡೆದು ಪಳಗಿಸುವುದರಲ್ಲಿ ಈತನು ಹೆಸರಾದವನು. ಆರು ತಿಂಗಳು ಏಟು ತಿಂದ ಹದಿನಾರರ ಹುಡುಗನು, ಆಗಸ್ಟ್ ತಿಂಗಳ ಒಂದು ದಿನ ಕೋವಿಯ ಕೊರಳಪಟ್ಟಿ ಹಿಡಿದು ಎದುರು ನಿಂತನು. ಹೆಚ್ಚು ಕಡಮೆ ಎರಡು ಗಂಟೆ ಸೆಣಸಾಟ ನಡೆಯಿತು. ಅದಾದ ಮೇಲೆ ಕೋವಿ ಅವನ ಮೈ ಮುಟ್ಟಲಿಲ್ಲ. 1835ರಲ್ಲಿ ಫ್ರೀಲೆಂಡ್ ಎಂಬವನ ಹೊಲಕ್ಕೆ ಹೋದಾಗ, ಭಾನುವಾರಗಳಂದು ಗುಟ್ಟಾಗಿ ಗುಲಾಮರನ್ನು ಸೇರಿಸಿ ಓದು ಹೇಳಿಕೊಡತೊಡಗಿದನು. ಒಂದು ಕಾಲದಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಅಲ್ಲಿ ಕಲಿಯುತ್ತಿದ್ದರು. ಸಿಕ್ಕಿಬಿದ್ದರೆ ಎಲ್ಲರ ಬೆನ್ನಿಗೂ ಚಾಟಿ. ತಾನೇ ಇನ್ನೂ ಬಂಧನದಲ್ಲಿರುವಾಗ, ಕಲಿತುದನ್ನು ಹಂಚಿದ ಈ ಪಾಠಶಾಲೆಯೇ ಅವನ ಜೀವನದ ಅತ್ಯಂತ ದೊಡ್ಡ ಕಾರ್ಯವೆಂದು ನನ್ನ ಭಾವನೆ.

1836ರಲ್ಲಿ ತಪ್ಪಿಸಿಕೊಳ್ಳಲು ಹೂಡಿದ ಉಪಾಯ ಬಯಲಾಗಿ ಸೆರೆಮನೆ ಕಂಡನು. ಮತ್ತೆ ಬಾಲ್ಟಿಮೋರಿಗೆ ಬಂದು, ಹಡಗಿನ ಹಲಗೆಗಳ ಸಂದು ಮುಚ್ಚುವ ಕೆಲಸವನ್ನು ಕಲಿತನು. ವಾರದ ಕೂಲಿಯೆಲ್ಲ ಒಡೆಯನ ಪಾಲು. ಇಲ್ಲಿಯೇ ಅವನಿಗೆ ಆನಾ ಮರ್ರೆಯ ಪರಿಚಯವಾಯಿತು. ಆಕೆಯೂ ಕಪ್ಪು ಜನಾಂಗದವಳು, ಆದರೆ ಸ್ವತಂತ್ರಳು. ಮನೆಗೆಲಸ ಮಾಡಿ ಜೀವಿಸುತ್ತಿದ್ದಳು. ಓದುಬರಹ ಅರಿಯಳು. ಈಕೆ ತನ್ನ ಉಳಿತಾಯವನ್ನು ಕೊಟ್ಟಳು, ತನ್ನ ಗರಿಯ ಹಾಸಿಗೆಯನ್ನೂ ಮಾರಿ ಹಣ ಕೂಡಿಸಿದಳು. ಡಗ್ಲಸನು ನಾವಿಕನ ವೇಷ ತೊಟ್ಟು, ಸ್ನೇಹಿತನಾದ ಒಬ್ಬ ನಾವಿಕನ ಕಾಗದಗಳನ್ನು ಜೇಬಿನಲ್ಲಿಟ್ಟುಕೊಂಡು, 1838ನೆಯ ಸೆಪ್ಟೆಂಬರ್ 3ರಂದು ರೈಲು ಹತ್ತಿದನು. ಕಾಗದದಲ್ಲಿ ಬರೆದಿದ್ದ ಚಹರೆ ಅವನದಾಗಿರಲಿಲ್ಲ. ಟಿಕೆಟು ನೋಡುವವನು ಸರಿಯಾಗಿ ಓದದೆ ಮುಂದೆ ನಡೆದದ್ದೇ ಅವನ ಭಾಗ್ಯ. ಒಂದು ದಿನ ಕಳೆಯುವುದರೊಳಗೆ ನ್ಯೂಯಾರ್ಕ್ ಸೇರಿದನು. ಆನಾ ಹಿಂದಿನಿಂದ ಬಂದಳು. ಸೆಪ್ಟೆಂಬರ್ 15ರಂದು ಅವರ ವಿವಾಹವಾಯಿತು. ಬೇಲಿ ಎಂಬ ಹಳೆಯ ಹೆಸರನ್ನು ಬಿಟ್ಟು ಡಗ್ಲಸ್ ಎಂಬ ಹೆಸರನ್ನು ತಳೆದು, ನ್ಯೂ ಬೆಡ್‌ಫರ್ಡ್ ಊರಿನಲ್ಲಿ ಇಬ್ಬರೂ ಕೂಲಿನಾಲಿ ಮಾಡಿ ಸಂಸಾರ ಹೂಡಿದರು.

ಮುಂದಿನದು ಲೋಕಕ್ಕೆ ತಿಳಿದ ಕಥೆ. 1841ರಲ್ಲಿ ನಾಂಟಕೆಟ್ಟಿನ ಸಭೆಯೊಂದರಲ್ಲಿ ಎದ್ದು ನಿಂತು ತನ್ನ ಅನುಭವವನ್ನು ಹೇಳಿದಂದಿನಿಂದ ಅವನು ಗುಲಾಮಗಿರಿಯ ವಿರುದ್ಧ ದೇಶವೇ ಕಿವಿಗೊಟ್ಟ ಭಾಷಣಕಾರನಾದನು. ಇಷ್ಟು ಚೆನ್ನಾಗಿ ಮಾತನಾಡುವವನು ಗುಲಾಮನಾಗಿದ್ದನೆಂದರೆ ಜನ ನಂಬದಾದರು. ಅದಕ್ಕೆ ಉತ್ತರವಾಗಿ 1845ರಲ್ಲಿ ಒಡೆಯರ ಹೆಸರು, ಊರು ಎಲ್ಲವನ್ನೂ ಮುಚ್ಚಿಡದೆ ಆತ್ಮಚರಿತ್ರೆಯನ್ನು ಪ್ರಕಟಿಸಿದನು. ಹಿಡಿದು ಒಯ್ಯುವ ಅಪಾಯ ಒದಗಿದ್ದರಿಂದ ಐರ್ಲೆಂಡ್, ಇಂಗ್ಲೆಂಡ್‌ಗಳಿಗೆ ಹೋಗಬೇಕಾಯಿತು. ಅಲ್ಲಿನ ಮಿತ್ರರು ಚಂದಾ ಎತ್ತಿ, 1846ರಲ್ಲಿ ಒಡೆಯನಿಗೆ 150 ಪೌಂಡು ತೆತ್ತು ಅವನನ್ನು ಬಿಡಿಸಿದರು. 1847ರಲ್ಲಿ ರಾಚೆಸ್ಟರ್ ನಗರದಲ್ಲಿ ನಾರ್ತ್ ಸ್ಟಾರ್ ಎಂಬ ಪತ್ರಿಕೆಯನ್ನು ಆರಂಭಿಸಿದನು. ಮರುವರುಷ ಸೆನೆಕಾ ಫಾಲ್ಸಿನಲ್ಲಿ ಸ್ತ್ರೀಯರ ಹಕ್ಕುಗಳ ಮೊದಲ ಸಮ್ಮೇಳನ ಸೇರಿದಾಗ, ಸ್ತ್ರೀಯರಿಗೆ ಮತದ ಹಕ್ಕು ಬೇಕೆಂಬ ನಿರ್ಣಯದ ಪರವಾಗಿ ಮಾತನಾಡಿದನು. ಅಂತರ್ಯುದ್ಧ ನಡೆದಾಗ ತನ್ನ ಇಬ್ಬರು ಗಂಡುಮಕ್ಕಳನ್ನು ಸೈನ್ಯಕ್ಕೆ ಕಳುಹಿಸಿದನು. ಕಪ್ಪು ಸಿಪಾಯಿಗಳಿಗೂ ಸಮನಾದ ಸಂಬಳ ಬೇಕೆಂದು 1863ರಲ್ಲಿ ಅಧ್ಯಕ್ಷ ಲಿಂಕನ್ನನನ್ನು ಕಂಡು ವಾದಿಸಿದನು. 1865ರಲ್ಲಿ ಸಂವಿಧಾನದ ಹದಿಮೂರನೆಯ ತಿದ್ದುಪಡಿಯಿಂದ ಗುಲಾಮಗಿರಿ ಅಳಿಯಿತು. ಮುಂದೆ ಸರ್ಕಾರದ ಹಿರಿಯ ಹುದ್ದೆಗಳು ಅವನನ್ನು ಹುಡುಕಿಕೊಂಡು ಬಂದವು. 1895ನೆಯ ಫೆಬ್ರವರಿ 20ರಂದು, ಸ್ತ್ರೀಯರ ಸಭೆಯೊಂದಕ್ಕೆ ಹೋಗಿ ಬಂದ ದಿನವೇ ಸೀಡರ್ ಹಿಲ್ಲಿನಲ್ಲಿ ತೀರಿಕೊಂಡನು. ಅವನ ಎರಡನೆಯ ಪತ್ನಿ ಹೆಲೆನ್ ಆ ಮನೆಯನ್ನು ಹಾಗೆಯೇ ಉಳಿಸಲು ಶ್ರಮಿಸಿದಳು. 1962ರಲ್ಲಿ ಅದು ರಾಷ್ಟ್ರದ ಸ್ವತ್ತಾಯಿತು.

ಆದರೆ ನನ್ನ ಮನಸ್ಸಿನಲ್ಲಿ ಉಳಿದವಳು ಆನಾ. ಡಗ್ಲಸನು ಊರೂರು ತಿರುಗಿ ಭಾಷಣ ಮಾಡುವಾಗ ಬೂಟು ಹೊಲಿದು ಮಕ್ಕಳನ್ನು ಸಾಕಿದವಳು ಈಕೆ. ರಾಚೆಸ್ಟರಿನ ಮನೆಗೆ ರಾತ್ರಿಯಲ್ಲಿ ಓಡಿಬಂದ ಗುಲಾಮರಿಗೆ ಅನ್ನ, ಹಾಸಿಗೆ ಕೊಟ್ಟವಳು ಈಕೆ. ಸಾವಿರಾರು ಮಂದಿಯ ಕಣ್ಣು ತೆರೆಸಿದವನ ಹೆಂಡತಿಯಾಗಿ ನಲವತ್ನಾಲ್ಕು ವರುಷ ಬಾಳಿ, 1882ರಲ್ಲಿ ಕಣ್ಣು ಮುಚ್ಚುವವರೆಗೂ ಈಕೆಗೆ ಓದುಬರಹ ಹೆಚ್ಚು ಕಡಮೆ ಬಾರದೆಯೇ ಉಳಿಯಿತು. ಪುಸ್ತಕಗಳು ತುಂಬಿದ ಆ ಮನೆಯಲ್ಲಿ ಆಕೆಯೂ ಇದ್ದಳು.

ನನ್ನ ಕಾಲೇಜಿನ ಮೊದಲ ವರುಷದ ಖರ್ಚಿಗೆ ನಮ್ಮ ಅವ್ವ ಎರಡು ಮೇಕೆಗಳನ್ನು ಮಾರಿದಳು. ಪ್ರವೇಶದ ದಿನ ಕಾಗದದ ಮೇಲೆ ಅವಳು ಹೆಬ್ಬೆಟ್ಟು ಒತ್ತಿದಾಗ, ಜೊತೆಯವರು ನೋಡಿಯಾರೆಂದು ನಾನು ಮುಖವನ್ನು ಬೇರೆ ಕಡೆಗೆ ತಿರುಗಿಸಿಕೊಂಡೆ. ತನಗೂ ಹೆಸರು ಬರೆಯುವುದನ್ನು ಕಲಿಸೆಂದು ಅವ್ವ ಆಮೇಲೆ ಎರಡು ಸಲ ಕೇಳಿದಳು; ಪರೀಕ್ಷೆ ಮುಗಿಯಲಿ ಎಂದೆ. ಮೂರನೆಯ ಸಲ ಅವಳು ಕೇಳಲಿಲ್ಲ. ಹೊಲದಲ್ಲಿ ದುಡಿದು ದಣಿದ ನಲವತ್ತು ಮಂದಿಗೆ ಚಾಟಿಯ ಭಯದಲ್ಲೂ ಪಾಠ ಹೇಳಿದವನ ಕಥೆಯನ್ನು ಓದಿ ಮುಗಿಸಿದಾಗ, ಒಬ್ಬಳಿಗೆ ಕಲಿಸಲು ನನಗೆ ಬಿಡುವಾಗಲಿಲ್ಲವೆಂಬುದು ಮುಖಕ್ಕೆ ಹೊಡೆದಂತಾಯಿತು.

ದಸರೆಯ ರಜೆಯಲ್ಲಿ ಊರಿಗೆ ಹೋದಾಗ ತಮ್ಮನ ಹಳೆಯ ಸ್ಲೇಟನ್ನು ಹುಡುಕಿ ತೆಗೆದೆ. ಕುಡುಗೋಲು ಹಿಡಿದ ಕೈಗೆ ಬಳಪ ಮೊದಲು ಒಗ್ಗಲಿಲ್ಲ; ಅವ್ವ ನಕ್ಕಳು, ನಾನೂ ನಕ್ಕೆ. ರಜೆ ಮುಗಿಯುವ ಹೊತ್ತಿಗೆ ತನ್ನ ಹೆಸರಿನ ಮೂರು ಅಕ್ಷರಗಳಲ್ಲಿ ಎರಡನ್ನು ನೋಡದೆ ಬರೆಯುತ್ತಿದ್ದಳು. ಮೂರನೆಯದಕ್ಕೆ ಒತ್ತಕ್ಷರವಿದೆ; ಅದಿನ್ನೂ ತಪ್ಪುತ್ತದೆ.

ಡಗ್ಲಸನ ಮನೆಯನ್ನು ಕಣ್ಣಾರೆ ಕಾಣುವ ಯೋಗ ನನಗೆ ಬರುವುದೋ ಇಲ್ಲವೋ. ನಮ್ಮ ಕಾಲೇಜಿನಲ್ಲಿ ನನ್ನಂತೆಯೇ ಮನೆಗೆ ಮೊದಲಿಗರಾಗಿ ಓದಲು ಬಂದವರು ಅನೇಕರಿದ್ದಾರೆ. ನಾವು ಪದವಿಪತ್ರವನ್ನು ಹಿಡಿದು ಊರಿಗೆ ಹೋದಾಗ, ಅದರಲ್ಲಿ ಏನು ಬರೆದಿದೆಯೆಂದು ಓದಿ ನೋಡಬಲ್ಲವರು ಮನೆಯಲ್ಲಿ ಒಬ್ಬರಾದರೂ ಇರಲಿ. ಆ ಕೆಲಸ ಗುರುಗಳದಲ್ಲ, ಸರ್ಕಾರದ್ದೂ ಅಲ್ಲ, ನಮ್ಮದು.